ಹಡಗು ಹತ್ತುವ ಮುನ್ನ ನಾಲ್ಕು ಮಾತು

ಮೊದಲ ಸಲ ಕ್ರೂಸ್ ಹೊರಟಿದ್ದೀರಿ ಎಂದು ಕೇಳಿ ಖುಷಿಯಾಯಿತು. ದೇಶ ಸುತ್ತು, ಕೋಶ ಓದು ಎಂದಿದ್ದಾರೆ ಹಿರಿಯರು. ಸಮುದ್ರವನ್ನೂ ಸುತ್ತಿ ಬರುವ ಅನುಕೂಲ ಈಗ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಎಂಬ ಕಂಪನಿಯ ಎಂಪ್ರೆಸ್ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆಲ್ಲ ಜನರನ್ನು ಕರೆದೊಯ್ದಿದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿ ಹಡಗು ಹತ್ತಿ ಪೆನಾಂಗ್, ಫುಕೆಟ್ ನೋಡಿಕೊಂಡು ಬರುವ ಮೂರು-ನಾಲ್ಕು ರಾತ್ರಿಯ ಪ್ರವಾಸಕ್ಕೆ ನಮ್ಮವರು ಸಂಸಾರ ಸಮೇತ ಹೊರಡುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳೇ ಟಿಕೆಟ್ ತೆಗೆಸಿ ಅಪ್ಪ-ಅಮ್ಮನ ಕೈಗಿಟ್ಟಿರುತ್ತಾರೆ. ಒಳ್ಳೆಯದು, ಹೋಗಿ ಬನ್ನಿ. ಆದರೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ಕೂತು ನನ್ನ ಮಾತು ಕೇಳಿ.

ಹಡಗು ಲಾಡ್ಜಲ್ಲ, ಟೂರಿಸ್ಟ್ ಬಸ್ಸೂ ಅಲ್ಲ. ಅಲ್ಲಿ ಗಡಿಯಾರವೇ ಯಜಮಾನ. ಬಸ್ಸಿನವರಿಗೆ ಫೋನು ಮಾಡಿ, ‘ಐದು ನಿಮಿಷ, ಬಂದೇಬಿಟ್ವಿ’ ಎಂದರೆ ನಿಂತಾರು. ಸಾವಿರಾರು ಜನರನ್ನು ಹೊತ್ತ ಹಡಗು ನಿಲ್ಲುವುದಿಲ್ಲ. ಅದಕ್ಕೆ ಬಂದರಿನಲ್ಲಿ ಕೊಟ್ಟ ಜಾಗಕ್ಕೂ ಹೊತ್ತಿದೆ, ದಾರಿ ತೋರಿಸಲು ಬರುವ ಪೈಲಟ್‌ಗೂ ಹೊತ್ತಿದೆ, ಕೆಲವು ಕಡೆ ಸಮುದ್ರದ ಉಬ್ಬರ ಇಳಿತಕ್ಕೂ ಕಾಯಬೇಕು. ಮೊದಲ ಸಲ ಹೋದವರ ಮುಕ್ಕಾಲು ಪಾಲು ಗೋಳು ಹುಟ್ಟುವುದು ಈ ಒಂದು ವಿಷಯವನ್ನು ಹಗುರವಾಗಿ ತೆಗೆದುಕೊಂಡದ್ದರಿಂದ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇದು. ಹಡಗು ಹೊರಡುವ ದಿನವೇ ಬೆಳಗಿನ ವಿಮಾನ ಹಿಡಿದು ಮುಂಬೈಗೋ ಸಿಂಗಪುರಕ್ಕೋ ಹೋಗುತ್ತೇವೆ ಎನ್ನಬೇಡಿ. ಹಿಂದಿನ ದಿನವೇ ಹೋಗಿ ಆ ಊರಲ್ಲಿ ಮಲಗಿ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಸಲು ಹೋಗಿ, ಮಂಜು ಮುಸುಕಿ ವಿಮಾನ ತಡವಾಗಿ, ಇಡೀ ಕ್ರೂಸಿನ ಹಣ ಕಳೆದುಕೊಂಡವರಿದ್ದಾರೆ. ಹಡಗು ಸಂಜೆ ಐದಕ್ಕೆ ಹೊರಡುತ್ತದೆ ಎಂದರೆ ಐದಕ್ಕೆ ಹೋದರೆ ಸಾಕು ಎಂದಲ್ಲ. ಗಂಟೆ, ಒಂದೂವರೆ ಗಂಟೆ ಮುಂಚೆಯೇ ಚೆಕ್-ಇನ್ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿದ್ದಾಗಲೇ ವೆಬ್ ಚೆಕ್-ಇನ್ ಮುಗಿಸಿ, ನಿಮಗೆ ಕೊಟ್ಟ ಹೊತ್ತಿಗೆ ಬಂದರು ಸೇರಿ.

ಕಾಗದಪತ್ರದ ಮಾತಿಗೆ ಬರೋಣ. ದೇಶದೊಳಗಿನ ಪ್ರವಾಸಕ್ಕೆ ಫೋಟೊ ಇರುವ ಗುರುತಿನ ಚೀಟಿಯ ಮೂಲಪ್ರತಿ ಬೇಕು, ಮೊಬೈಲಿನಲ್ಲಿ ಫೋಟೊ ಇದೆ ಎಂದರೆ ಎಲ್ಲ ಕಡೆ ನಡೆಯುವುದಿಲ್ಲ. ಪುಟ್ಟ ಮಕ್ಕಳ ಜನನ ಪ್ರಮಾಣಪತ್ರವೂ ಜೊತೆಗಿರಲಿ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು; ಸಾಮಾನ್ಯವಾಗಿ ಹಡಗಿನ ಕಂಪನಿಯವರೇ ಮಾಡಿಸುತ್ತಾರೆ, ಆದರೆ ಅವರು ಕೇಳಿದ ದಾಖಲೆಯನ್ನು ಕೇಳಿದ ದಿನವೇ ಕಳಿಸಿ. ಹೊರದೇಶದ ಹಡಗಾದರೆ ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಸಿಂಗಪುರದಿಂದ ಹೊರಡುವವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಹಡಗು ಹತ್ತಿದಿರೆಂದರೆ ಸಿಂಗಪುರ ಬಿಟ್ಟ ಹಾಗೆ, ಮರಳಿ ಇಳಿದಿರೆಂದರೆ ಎರಡನೇ ಸಲ ಒಳಗೆ ಬಂದ ಹಾಗೆ. ಒಂದೇ ಸಲದ ವೀಸಾ ಇಟ್ಟುಕೊಂಡು ಹೋದರೆ ಹಡಗಿನ ಬಾಗಿಲಲ್ಲೇ ತಡೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಬೇಕು. ನಡುವೆ ಸಿಗುವ ಮಲೇಷ್ಯಾ, ಥಾಯ್ಲೆಂಡ್‌ಗಳ ವೀಸಾ ನಿಯಮ ಆಗಾಗ ಬದಲಾಗುತ್ತದೆ. ಕಳೆದ ವರ್ಷ ಹೋಗಿ ಬಂದ ಭಾವಮೈದುನನ ಮಾತು ನಂಬಿ ಕೂರಬೇಡಿ, ಹೊರಡುವ ತಿಂಗಳಲ್ಲೇ ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಯಾವ ಕೋಣೆ ತೆಗೆದುಕೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ಒಳಕೋಣೆಗೆ ಕಿಟಕಿಯೇ ಇರುವುದಿಲ್ಲ, ದೀಪ ಆರಿಸಿದರೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗದು. ಆಮೇಲೆ ಗಾಜಿನ ಕಿಟಕಿಯ ಕೋಣೆ, ಅದರ ಮೇಲೆ ಬಾಲ್ಕನಿ, ಇನ್ನೂ ಮೇಲೆ ಸೂಟ್. ಸಾಧಾರಣ ಒಳಕೋಣೆ ಎಂದರೆ 150 ಚದರಡಿಯ ಆಸುಪಾಸು, ಬಚ್ಚಲೂ ಅದರಲ್ಲೇ ಸೇರಿ. ನೋಡಿದ ತಕ್ಷಣ ‘ಅಯ್ಯೋ ಇಷ್ಟೇನಾ’ ಎಂದು ಮುಖ ಸಣ್ಣ ಮಾಡಬೇಡಿ. ಎಲ್ಲ ಹಡಗುಗಳಲ್ಲೂ ಹೀಗೇ, ಮಲಗಲು ಬಟ್ಟೆ ಬದಲಿಸಲು ಬಿಟ್ಟರೆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಮೂರು ರಾತ್ರಿಯ ಪ್ರವಾಸಕ್ಕೆ ಸಾಲ ಮಾಡಿ ಬಾಲ್ಕನಿ ಹಿಡಿಯುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ಸಮುದ್ರ ನೋಡಲು ಮೇಲಿನ ಡೆಕ್ ಇದೆ, ಅಲ್ಲಿಗೆ ಯಾವ ಕೋಣೆಯವರು ಬಂದರೂ ನೋಟ ಒಂದೇ. ಆದರೆ ನಾಲ್ಕು ಗೋಡೆ ಮುಚ್ಚಿದರೆ ಉಸಿರು ಕಟ್ಟಿದಂತಾಗುವವರಿಗೆ ಕಿಟಕಿಯ ಕೋಣೆಯೇ ಸರಿ, ಅಲ್ಲಿ ಹಣ ನೋಡಬೇಡಿ. ಮೂರು-ನಾಲ್ಕು ಜನ ಒಂದೇ ಕೋಣೆಯಲ್ಲಿರುವಿರಾದರೆ ಉಳಿದಿಬ್ಬರಿಗೆ ಸಿಗುವುದು ಹೆಚ್ಚಾಗಿ ಗೋಡೆಯಿಂದ ಬಿಚ್ಚುವ ಮೇಲಿನ ಮಂಚ. ಏಣಿ ಹತ್ತಬೇಕು. ಅದಕ್ಕೆ ಅಜ್ಜ-ಅಜ್ಜಿಯನ್ನು ಹತ್ತಿಸುವ ಯೋಚನೆ ಬೇಡ.

ಕೋಣೆ ಆರಿಸುವಾಗ ಎತ್ತರ, ನೋಟಕ್ಕಿಂತ ಜಾಗ ಮುಖ್ಯ. ಹಡಗಿನ ಮೂತಿಯಲ್ಲಿ, ತೀರಾ ಹಿಂದೆ, ತೀರಾ ಮೇಲೆ ಅಲುಗಾಟ ಹೆಚ್ಚು. ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ಕಡಿಮೆ. ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಹೊಟ್ಟೆ ತೊಳಸುವವರು ಮಧ್ಯದ ಕೋಣೆಯನ್ನೇ ಕೇಳಿ ಪಡೆಯಿರಿ. ಡಾನ್ಸ್ ಫ್ಲೋರಿನ ಕೆಳಗೋ ಅಡುಗೆಮನೆಯ ಮೇಲೋ ಇರುವ ಕೋಣೆ ಬೇಡ. ಡೆಕ್ ನಕ್ಷೆಯಲ್ಲಿ ಮೇಲೆ ಕೆಳಗೆ ಏನಿದೆ ಎಂದು ನೋಡುವುದು ಐದು ನಿಮಿಷದ ಕೆಲಸ.

ಹೊಟ್ಟೆ ತೊಳಸುವ ವಿಷಯ ಬಂತು, ಹೇಳಿಬಿಡುತ್ತೇನೆ. ಇಂದಿನ ದೊಡ್ಡ ಹಡಗುಗಳಿಗೆ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ, ಹಡಗು ಪಕ್ಕಕ್ಕೆ ಹೊರಳುವುದನ್ನು ಅವು ತಡೆಯುತ್ತವೆ. ಸಮುದ್ರ ಶಾಂತವಾಗಿದ್ದರೆ ಹಡಗು ಓಡುತ್ತಿರುವುದೇ ತಿಳಿಯದು. ಆದರೂ ಕೆಲವರಿಗೆ ತಲೆ ಸುತ್ತುತ್ತದೆ. ಕಣ್ಣಿಗೆ ಗೋಡೆ ನಿಂತಂತೆ ಕಾಣುತ್ತದೆ, ಕಿವಿಯೊಳಗಿನ ಸಮತೋಲದ ಅಂಗಕ್ಕೆ ಮೈ ತೂಗುತ್ತಿರುವುದು ಗೊತ್ತಾಗುತ್ತದೆ, ಇವೆರಡರ ಜಗಳ ಹೊಟ್ಟೆಯ ಮೇಲೆ ಬೀಳುತ್ತದೆ. ಆಗ ಕೋಣೆಯೊಳಗೆ ಮುಸುಕು ಹಾಕಿ ಮಲಗಿ ಮೊಬೈಲ್ ನೋಡಿದರೆ ಇನ್ನೂ ಕೆಡುತ್ತದೆ. ಡೆಕ್ಕಿಗೆ ಬನ್ನಿ, ಗಾಳಿಗೆ ಮುಖ ಕೊಟ್ಟು ದೂರದ ದಿಗಂತವನ್ನು ನೋಡುತ್ತ ಕೂರಿ. ಶುಂಠಿ ಚೂರು, ಒಣ ಬಿಸ್ಕತ್ತು, ಸೇಬು ಬಾಯಿಗೆ ಹಾಕಿಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ಭರ್ತಿ ಹೊಟ್ಟೆಯೂ ಬೇಡ. ಮಾತ್ರೆ ತೆಗೆದುಕೊಳ್ಳುವವರು ವಾಂತಿ ಶುರುವಾದ ಮೇಲಲ್ಲ, ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಯಾವ ಮಾತ್ರೆ, ಎಷ್ಟು ಎಂದು ಊರಿನ ನಿಮ್ಮ ವೈದ್ಯರನ್ನೇ ಕೇಳಿ. ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಪಕ್ಕದ ಮನೆಯವರು ಕೊಟ್ಟ ಮಾತ್ರೆ ನುಂಗಲೇಬಾರದು.

ಹವಾಮಾನವನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಹೇಗಿರುತ್ತದೆ ಎಂದು ಕರಾವಳಿಯ ಮೀನುಗಾರರನ್ನು ಕೇಳಿ ನೋಡಿ. ಅದರಲ್ಲೂ ಜೂನ್, ಜುಲೈ ತಿಂಗಳುಗಳಲ್ಲಿ ಆಳಸಮುದ್ರ ಮೀನುಗಾರಿಕೆಗೇ ರಜೆ. ಪಶ್ಚಿಮ ಕರಾವಳಿಯ ಪ್ರವಾಸಕ್ಕೆ ನವೆಂಬರಿನಿಂದ ಮಾರ್ಚ್‌ವರೆಗಿನ ದಿನಗಳು ಚೆನ್ನ. ಗಾಳಿ ಎದ್ದರೆ ಕ್ಯಾಪ್ಟನ್ ಒಂದು ಊರನ್ನೇ ಬಿಟ್ಟು ಮುಂದೆ ಹೋಗಬಹುದು, ಟಿಕೆಟಿನ ಕರಾರಿನಲ್ಲಿ ಆ ಅಧಿಕಾರ ಅವರಿಗಿರುತ್ತದೆ. ಆಗ ರಿಸೆಪ್ಷನ್ ಮುಂದೆ ಗುಂಪು ಕಟ್ಟಿ ಕೂಗಾಡಬೇಡಿ. ಅವರು ಕಾಯುತ್ತಿರುವುದು ನಿಮ್ಮ ಜೀವವನ್ನೇ.

ಪೆಟ್ಟಿಗೆ ಕಟ್ಟುವಾಗ ಹೆಂಗಸರಿಗೂ ಗಂಡಸರಿಗೂ ಸೇರಿಸಿ ಹೇಳುತ್ತೇನೆ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ಪುಟ್ಟ ರೈಸ್ ಕುಕ್ಕರ್ ಇವೆಲ್ಲ ಹಡಗಿನಲ್ಲಿ ನಿಷಿದ್ಧ. ಊದುಬತ್ತಿ, ಕರ್ಪೂರ, ಬತ್ತಿ, ಎಣ್ಣೆಯ ದೀಪವೂ ಬೇಡ. ಬೆಳಗಿನ ಪೂಜೆ ತಪ್ಪಿಸಬಾರದು ಎನ್ನುವವರು ಮನಸ್ಸಿನಲ್ಲೇ ಕೈ ಮುಗಿಯಿರಿ, ದೇವರು ಒಪ್ಪುತ್ತಾನೆ. ನಡುನೀರಿನಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಬರುವುದಿಲ್ಲ. ಹಡಗಿನವರಿಗೆ ಬೆಂಕಿಯಷ್ಟು ಭಯ ಬೇರೆ ಯಾವುದೂ ಇಲ್ಲ. ಸ್ಕ್ಯಾನರಿನಲ್ಲಿ ಸಿಕ್ಕ ಇಂಥ ಸಾಮಾನನ್ನು ಎತ್ತಿಟ್ಟುಕೊಂಡು ಕೊನೆಯ ದಿನ ವಾಪಸ್ ಕೊಡುತ್ತಾರೆ, ಅಷ್ಟರಲ್ಲಿ ನಿಮ್ಮ ಪೆಟ್ಟಿಗೆ ಕೋಣೆಗೆ ಬರುವುದು ತಡವಾಗುತ್ತದೆ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಪಾತಿ-ಪಲ್ಯವನ್ನೂ ಒಳಗೆ ಬಿಡುವುದಿಲ್ಲ. ಸೀಲ್ ಆದ ಪೊಟ್ಟಣದ ತಿಂಡಿಗೆ ಕೆಲವು ಕಂಪನಿಗಳವರು ಅಡ್ಡಿ ಮಾಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಪೋರ್ಟರುಗಳು ತೆಗೆದುಕೊಂಡು ಹೋಗುತ್ತಾರೆ. ಅದು ನಿಮ್ಮ ಕೋಣೆಯ ಬಾಗಿಲಿಗೆ ಬರಲು ನಾಲ್ಕೈದು ಗಂಟೆ ಹಿಡಿಯಬಹುದು, ಕೆಲವೊಮ್ಮೆ ರಾತ್ರಿ ಊಟದ ಹೊತ್ತಾಗಬಹುದು. ಆದ್ದರಿಂದ ಶುಗರ್ ಮಾತ್ರೆ, ಬಿಪಿ ಮಾತ್ರೆ, ಇನ್ಸುಲಿನ್, ಕನ್ನಡಕ, ಪಾಸ್‌ಪೋರ್ಟ್, ಒಡವೆ, ಫೋನಿನ ಚಾರ್ಜರ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಾತ್ರೆಯನ್ನು ಪ್ರವಾಸದ ದಿನಕ್ಕಿಂತ ಮೂರು ದಿನಕ್ಕೆ ಹೆಚ್ಚೇ ಇಟ್ಟುಕೊಳ್ಳಿ, ವೈದ್ಯರ ಚೀಟಿಯೂ ಜೊತೆಗಿರಲಿ. ಹಡಗಿನ ಕೋಣೆಯ ಗೋಡೆ ಉಕ್ಕಿನದು, ಆಯಸ್ಕಾಂತದ ನಾಲ್ಕು ಕೊಕ್ಕೆ ಒಯ್ದರೆ ಚೀಲ, ಟೋಪಿ, ಒದ್ದೆ ಟವೆಲ್ ತೂಗುಹಾಕಲು ಅನುಕೂಲ. ಒದ್ದೆ ಬಟ್ಟೆಯನ್ನು ಬಾಲ್ಕನಿಯ ಕಂಬಿಗೆ ಹರವಬೇಡಿ, ಗಾಳಿಗೆ ಸಮುದ್ರಪಾಲಾಗುತ್ತದೆ.

ಹಡಗು ಹತ್ತಿದ ಮೇಲೆ ಎಲ್ಲರ ಕಾಲೂ ಬಫೆಯ ಕಡೆಗೆ ಓಡುತ್ತದೆ. ತಡೆಯಿರಿ. ಅದಕ್ಕಿಂತ ದೊಡ್ಡ ಕೆಲಸ ಒಂದಿದೆ. ಹೊರಡುವ ಮುನ್ನ ಮಸ್ಟರ್ ಡ್ರಿಲ್ ಮಾಡುತ್ತಾರೆ. ಅಪಾಯದ ಹೊತ್ತಿನಲ್ಲಿ ನೀವು ಯಾವ ಜಾಗಕ್ಕೆ ಹೋಗಿ ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸುತ್ತಾರೆ. ಏಳು ಸಲ ಚಿಕ್ಕದಾಗಿ, ಎಂಟನೇ ಸಲ ಉದ್ದವಾಗಿ ಭೋಂಗಾ ಕೂಗಿದರೆ ಅದು ಆಪತ್ತಿನ ಕರೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಮಕ್ಕಳಿಗೂ ಹೇಳಿಕೊಡಿ. ಈಗ ಕೆಲವು ಹಡಗುಗಳಲ್ಲಿ ಟೀವಿಯಲ್ಲೋ ಮೊಬೈಲಿನಲ್ಲೋ ವಿಡಿಯೊ ನೋಡಿ, ಆಮೇಲೆ ನಿಮ್ಮ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬಂದರೆ ಸಾಕು. ಅಷ್ಟು ಸುಲಭ ಮಾಡಿದ್ದರೂ ‘ಇದೆಲ್ಲ ಸುಮ್ಮನೆ’ ಎಂದು ಈಜುಕೊಳದಲ್ಲಿ ಕೂತವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸುಮ್ಮನೆ ಹೇಳುತ್ತಿಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾನ್‌ಕಾರ್ಡಿಯಾ ಎಂಬ ದೊಡ್ಡ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿತು. ಹಡಗಿನಲ್ಲಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ, 32 ಮಂದಿ ತೀರಿಕೊಂಡರು. ಅದೇ ಸಂಜೆ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರಾಯಿತು ಎಂದಿತ್ತು ಅಂದಿನ ನಿಯಮ. ಕತ್ತಲಲ್ಲಿ ಎಲ್ಲಿಗೆ ಹೋಗಬೇಕೆಂದೇ ತಿಳಿಯದೆ ಜನ ತಬ್ಬಿಬ್ಬಾದರು. ಆಮೇಲೆ ಅಂತರರಾಷ್ಟ್ರೀಯ ನಿಯಮವನ್ನೇ ತಿದ್ದಿ, 2015ರ ಜನವರಿಯಿಂದ ಹಡಗು ಹೊರಡುವ ಮುನ್ನವೇ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು ಎಂದು ಮಾಡಿದರು. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡಿದರೆ ಪ್ರಯೋಜನವಿಲ್ಲ. ಡ್ರಿಲ್ ಮುಗಿಸಿ ಕೋಣೆಗೆ ಬಂದಾಗ ಬಾಗಿಲ ಹಿಂದೆ ಅಂಟಿಸಿದ ನಕ್ಷೆ ನೋಡಿ, ಹತ್ತಿರದ ಮೆಟ್ಟಿಲಿಗೆ ಒಮ್ಮೆ ನಡೆದು ನೋಡಿ. ಅಪಾಯದಲ್ಲಿ ಲಿಫ್ಟ್ ಹತ್ತಬಾರದು. ಮಕ್ಕಳ ಕ್ಲಬ್ಬಿನಲ್ಲಿ ಮಗುವನ್ನು ಬಿಟ್ಟಿದ್ದರೆ ಆ ಹೊತ್ತಿನಲ್ಲಿ ಮಗುವನ್ನು ಎಲ್ಲಿಗೆ ಕರೆತರುತ್ತಾರೆ ಎಂದು ಅಲ್ಲಿನವರನ್ನು ಕೇಳಿಟ್ಟುಕೊಳ್ಳಿ.

ಇನ್ನೊಂದು ಕಟ್ಟುನಿಟ್ಟಿನ ಮಾತು. ಕಂಬಿಯ ಮೇಲೆ ಕೂರುವುದು, ಮಗುವನ್ನು ಅದರ ಮೇಲೆ ನಿಲ್ಲಿಸಿ ಫೋಟೊ ತೆಗೆಯುವುದು, ಸೆಲ್ಫಿಗೆಂದು ಹೊರಗೆ ಬಾಗುವುದು, ಇದ್ಯಾವುದೂ ಕೂಡದು. ರಾತ್ರಿ ಸಮುದ್ರಕ್ಕೆ ಬಿದ್ದವರನ್ನು ಹುಡುಕುವುದು ಎಷ್ಟು ಕಷ್ಟ ಎಂದು ಹಡಗಿನ ಯಾವ ಸಿಬ್ಬಂದಿಯನ್ನು ಬೇಕಾದರೂ ಕೇಳಿ. ಸಿಗರೇಟಿನ ತುಂಡನ್ನು ನೀರಿಗೆ ಎಸೆಯಬೇಡಿ, ಗಾಳಿಗೆ ಅದು ಮರಳಿ ಕೆಳಗಿನ ಬಾಲ್ಕನಿಗೇ ಬಂದು ಬೀಳುತ್ತದೆ. ಈಜುಕೊಳಗಳಲ್ಲಿ ಎಲ್ಲ ಕಡೆ ಕಾವಲುಗಾರರು ಇರುವುದಿಲ್ಲ, ಮಗು ನೀರಿಗಿಳಿದರೆ ದೊಡ್ಡವರೊಬ್ಬರ ಕಣ್ಣು ಅಲ್ಲೇ ಇರಬೇಕು. ಬಾಗಿಲುಗಳು ಭಾರ, ಗಾಳಿಗೆ ಥಟ್ಟನೆ ಬಡಿಯುತ್ತವೆ. ಮಕ್ಕಳ ಬೆರಳು ಜೋಪಾನ.

ಈಗ ಊಟಕ್ಕೆ ಬನ್ನಿ. ಬೆಳಗಿನಿಂದ ಮಧ್ಯರಾತ್ರಿಯವರೆಗೆ ಏನಾದರೊಂದು ಸಿಗುತ್ತಲೇ ಇರುತ್ತದೆ. ನಮ್ಮ ದೇಶದ ಹಡಗಿನಲ್ಲಿ ಸಸ್ಯಾಹಾರಕ್ಕೆ, ಜೈನ ಊಟಕ್ಕೆ ಕೊರತೆಯಿಲ್ಲ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲೂ ಭಾರತದ ಊಟ ಸಿಗುತ್ತದೆ. ಆದರೆ ಯುರೋಪ್, ಅಲಾಸ್ಕಾ ಕಡೆಯ ಹಡಗಾದರೆ ಟಿಕೆಟ್ ತೆಗೆಯುವಾಗಲೇ ಸಸ್ಯಾಹಾರಿ ಎಂದು ಬರೆಸಿ, ಹತ್ತಿದ ದಿನ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು ಇನ್ನೊಮ್ಮೆ ಹೇಳಿ. ಅಲ್ಲಿ ವೆಜಿಟೇರಿಯನ್ ಸೂಪೆಂದರೂ ಒಳಗೆ ಕೋಳಿಯ ಸಾರು ಇರಬಹುದು. ಮೊಟ್ಟೆ ನಡೆಯುತ್ತದೆಯೇ, ಮೀನು ನಡೆಯುತ್ತದೆಯೇ ಎಂದು ಬಿಡಿಸಿ ಹೇಳಿದರೆ ಅವರಿಗೂ ಸುಲಭ. ಮಾರನೆಯ ದಿನದ ಊಟವನ್ನು ಹಿಂದಿನ ರಾತ್ರಿಯೇ ಕೇಳಿಕೊಂಡು ಬೇರೆ ಮಾಡಿಕೊಡುವ ಬಾಣಸಿಗರೂ ಇರುತ್ತಾರೆ.

ಹಣ ಕೊಟ್ಟಾಗಿದೆ ಎಂದು ತಟ್ಟೆ ತುಂಬ ಹೇರಿಕೊಂಡು ಅರ್ಧ ಬಿಟ್ಟೇಳುವ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ನಿಮಗಿಲ್ಲ ಎಂದುಕೊಂಡಿದ್ದೇನೆ. ಇದ್ದರೆ ಬಿಟ್ಟುಬಿಡಿ. ಮೊದಲು ಒಂದು ಸುತ್ತು ಹೋಗಿ ಏನೇನಿದೆ ನೋಡಿ, ಆಮೇಲೆ ತಟ್ಟೆ ತೆಗೆದುಕೊಳ್ಳಿ. ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು, ಒಂದೇ ಸಲ ಬೆಟ್ಟ ಮಾಡಬೇಕಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದು ಹಡಗಿನಲ್ಲಿ ಎರಡು ಪಟ್ಟು ನಿಜ. ಶುಗರ್ ಇರುವವರು ಸಿಹಿಯ ಮೇಜಿಗೆ ದಿನಕ್ಕೊಮ್ಮೆ ಹೋದರೆ ಸಾಕು.

ಊಟದ ಜೊತೆಗೇ ಕೈ ತೊಳೆಯುವ ಮಾತು. ಮುಚ್ಚಿದ ಜಾಗದಲ್ಲಿ ಸಾವಿರಾರು ಜನ ಒಂದೇ ಚಮಚ, ಒಂದೇ ಕಂಬಿ ಮುಟ್ಟುತ್ತಾರೆ. ನೊರೊವೈರಸ್ ಎಂಬ ವಾಂತಿ-ಭೇದಿಯ ಸೋಂಕು ಹಡಗಿನಲ್ಲಿ ಬೇಗ ಹರಡುತ್ತದೆ. ಬಾಗಿಲಲ್ಲಿ ಹಾಕುವ ಸ್ಯಾನಿಟೈಸರ್ ಆ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯುವುದೇ ದಾರಿ. ಊಟಕ್ಕೆ ಮುಂಚೆ ತೊಳೆಯಿರಿ, ಬಫೆಯ ಚಮಚ ಮುಟ್ಟಿ ಬಂದ ಮೇಲೆ ಕೈಯಲ್ಲಿ ತಿನ್ನುವವರು ಇನ್ನೊಮ್ಮೆ ತೊಳೆಯಿರಿ. ಹೊಟ್ಟೆ ಕೆಟ್ಟರೆ ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಿ. ಒಂದೆರಡು ದಿನ ಕೋಣೆಯಲ್ಲೇ ಇರಿ ಎಂದಾರು, ಇರಬೇಕು. ನಿಮ್ಮೊಬ್ಬರ ಹಟಕ್ಕೆ ಪಕ್ಕದ ಮೇಜಿನ ಅಜ್ಜಿ ಹಾಸಿಗೆ ಹಿಡಿಯಬಾರದಲ್ಲ. ಇನ್ನು ಹಡಗಿನ ಶೌಚಾಲಯ ಗಾಳಿಯ ಸೆಳೆತದಿಂದ ಕೆಲಸ ಮಾಡುವಂಥದ್ದು. ಪ್ಯಾಡು, ಡೈಪರ್, ಒದ್ದೆ ಟಿಶ್ಯೂ ಹಾಕಿದರೆ ನಿಮ್ಮದು ಮಾತ್ರವಲ್ಲ, ಅಕ್ಕಪಕ್ಕದ ಕೋಣೆಗಳದ್ದೂ ಕಟ್ಟಿಕೊಳ್ಳುತ್ತದೆ.

ಹಡಗಿನ ವೈದ್ಯರ ಫೀಸು ದುಬಾರಿ, ನಡುಸಮುದ್ರದಿಂದ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರಂತೂ ಮನೆ ಮಾರುವಷ್ಟು. ಪ್ರಯಾಣ ವಿಮೆ ಮಾಡಿಸದೆ ಹೊರದೇಶದ ಕ್ರೂಸ್ ಹತ್ತಬೇಡಿ. ಹಳೆಯ ಕಾಯಿಲೆಗಳನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಬಸುರಿಯರು ಗಮನಿಸಿ: ಪ್ರವಾಸ ಮುಗಿಯುವ ದಿನಕ್ಕೆ 24 ವಾರ ತುಂಬುವವರನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳೊಳಗಿನ ಹಸುಗೂಸಿಗೂ ಸಾಮಾನ್ಯವಾಗಿ ಅವಕಾಶವಿಲ್ಲ.

ಹಣದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಮನೆಗೆ ಬಂದ ಮೇಲೆ ಜಗಳವಾಗುವುದು ಇದರಲ್ಲೇ. ಜಾಹೀರಾತಿನಲ್ಲಿ ಕಾಣುವ ದರ ಕೋಣೆ, ಸಾಧಾರಣ ಊಟ, ಆಟ-ಪ್ರದರ್ಶನಗಳಿಗೆ. ಅದರ ಮೇಲೆ ಬಂದರಿನ ಶುಲ್ಕ, ತೆರಿಗೆ, ಸಿಬ್ಬಂದಿಯ ಸೇವಾಶುಲ್ಕ ಸೇರುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಈ ಸೇವಾಶುಲ್ಕವೇ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು. ನಾಲ್ಕು ಜನರ ಸಂಸಾರಕ್ಕೆ ನಾಲ್ಕು ರಾತ್ರಿಗೆ ಲೆಕ್ಕ ಹಾಕಿ, 250 ಡಾಲರ್ ದಾಟುತ್ತದೆ. ಮದ್ಯ, ಬಾಟಲಿಯ ತಂಪುಪಾನೀಯ, ವಿಶೇಷ ಹೋಟೆಲು, ಸ್ಪಾ, ಇಂಟರ್‌ನೆಟ್, ಊರು ತೋರಿಸುವ ಟೂರು, ಅವರ ಫೋಟೊಗ್ರಾಫರ್ ತೆಗೆದ ಫೋಟೊ ಎಲ್ಲಕ್ಕೂ ಬೇರೆ ಬಿಲ್ಲು. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡೇ ಗುರುತಿನ ಚೀಟಿ, ಅದೇ ಪರ್ಸು. ಕೈಯಿಂದ ನೋಟು ಹೋಗದಿದ್ದರೆ ಖರ್ಚು ಕಣ್ಣಿಗೆ ಕಾಣದು. ಹನಿಹನಿಗೂಡಿದರೆ ಹಳ್ಳ. ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಿ, ಇಲ್ಲವೇ ಮಿತಿ ಹಾಕಿಸಿ. ದಿನಾ ರಾತ್ರಿ ಮಲಗುವ ಮುಂಚೆ ಟೀವಿಯಲ್ಲೋ ರಿಸೆಪ್ಷನ್ನಿನಲ್ಲೋ ಅಂದಿನ ಲೆಕ್ಕ ನೋಡಿ. ತಪ್ಪಿದ್ದರೆ ಆಗಲೇ ಹೇಳಿ, ಮರ್ಯಾದೆಯಿಂದ ಹೇಳಿ. ಕುಡಿಯುವ ನೀರು ಮೇಜಿನ ಮೇಲೆ ಉಚಿತವಾಗಿಯೇ ಇರುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡಿ ಶುದ್ಧಗೊಳಿಸಿದ ನೀರದು, ಹೆದರಬೇಡಿ. ಕ್ಯಾಸಿನೊ ಕಡೆ ಹೋಗಲೇಬೇಡಿ ಎನ್ನುವುದು ನನ್ನ ಮಾತು. ಹೋಗುತ್ತೀರಾದರೆ ಕಳೆದುಕೊಳ್ಳಬಹುದಾದಷ್ಟನ್ನು ಮೊದಲೇ ಎಣಿಸಿ, ಅದು ಮುಗಿದರೆ ಎದ್ದು ಬನ್ನಿ.

ಮೊಬೈಲ್ ಬಿಲ್ಲಿನ ಪೆಟ್ಟು ಇನ್ನೂ ದೊಡ್ಡದು. ದಡ ದೂರವಾದ ಮೇಲೆ ನಿಮ್ಮ ಫೋನು ಹಡಗಿನ ಉಪಗ್ರಹ ಜಾಲವನ್ನು ಹಿಡಿಯುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕು ಅಲ್ಲಿ ಲೆಕ್ಕಕ್ಕಿಲ್ಲ. ಹಡಗು ಬಂದರು ಬಿಟ್ಟ ಕೂಡಲೇ ಎಲ್ಲರ ಫೋನೂ ಫ್ಲೈಟ್ ಮೋಡಿಗೆ ಹೋಗಲಿ, ಬೇಕಿದ್ದರೆ ಹಡಗಿನ ವೈಫೈ ಕೊಳ್ಳಿ. ಮನೆಯವರಿಗೆ, ‘ಎರಡು ದಿನ ಸಿಗದಿದ್ದರೆ ಗಾಬರಿಯಾಗಬೇಡಿ’ ಎಂದು ಹೇಳಿಟ್ಟು ಹೋಗಿ.

ಊರಿಳಿದು ನೋಡುವ ದಿನ ಎಚ್ಚರ ಹೆಚ್ಚು ಬೇಕು. ಹಡಗು ಹೊರಡುವುದಕ್ಕಿಂತ ಅರ್ಧದಿಂದ ಒಂದು ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು ಎಂಬ ಹೊತ್ತನ್ನು ಅಂದಿನ ಕಾರ್ಯಕ್ರಮದ ಹಾಳೆಯಲ್ಲಿ ಬರೆದಿರುತ್ತಾರೆ. ಆ ಹೊತ್ತು ಹಡಗಿನ ಗಡಿಯಾರದ್ದು. ಇಲ್ಲೇ ಜನ ಮೋಸ ಹೋಗುವುದು. ಸಿಂಗಪುರಕ್ಕಿಂತ ಫುಕೆಟ್‌ನ ಗಡಿಯಾರ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಹೊತ್ತನ್ನೇ ಇಟ್ಟುಕೊಂಡಿದ್ದು, ನಿಮ್ಮ ಮೊಬೈಲ್ ತಾನಾಗಿ ಅಲ್ಲಿನ ಹೊತ್ತಿಗೆ ತಿರುಗಿತೆಂದರೆ, ‘ಇನ್ನೂ ನಾಲ್ಕು ಗಂಟೆ’ ಎಂದು ನೀವು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುತ್ತಿರುವಾಗ ಹಡಗಿನಲ್ಲಿ ಐದಾಗಿರುತ್ತದೆ. ಕೈಗೆ ಹಳೆಯ ಮುಳ್ಳಿನ ವಾಚು ಕಟ್ಟಿಕೊಂಡು ಅದನ್ನು ಹಡಗಿನ ಹೊತ್ತಿಗೆ ತಿರುಗಿಸಿಟ್ಟುಕೊಳ್ಳಿ. ಹಾಳೆಯಲ್ಲಿರುವ ಬಂದರಿನ ಏಜೆಂಟರ ಫೋನ್ ನಂಬರನ್ನು ಜೇಬಿನಲ್ಲಿಟ್ಟುಕೊಳ್ಳಿ. ಹಡಗಿನವರೇ ನಡೆಸುವ ಟೂರು ತಡವಾದರೆ ಅದರ ಹೊಣೆ ಹಡಗಿನವರದು, ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಹೊಣೆ ನಿಮ್ಮದು. ತಪ್ಪಿಸಿಕೊಂಡರೆ ಮುಂದಿನ ಊರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹತ್ತಬೇಕು.

ಚಳಿಗಾಲದಲ್ಲಿ ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಆ ಪ್ರಯಾಣಿಕರು ಬೆಳಿಗ್ಗೆ ಇಳಿದು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿಕೊಂಡು ಸಂಜೆಯೊಳಗೆ ಹಡಗು ಸೇರುತ್ತಾರೆ. ಒಂದು ದಿನಕ್ಕೆ ಎರಡು-ಮೂರು ಜಾಗ, ಅಷ್ಟೇ. ನೀವೂ ಅಷ್ಟೇ ಇಟ್ಟುಕೊಳ್ಳಿ. ಹತ್ತು ಜಾಗ ಮುಟ್ಟಿ ಬರುವ ಆಸೆಯಲ್ಲಿ ಒಂದನ್ನೂ ನೋಡಿದ ಹಾಗಾಗುವುದಿಲ್ಲ.

ಲಕ್ಷದ್ವೀಪಕ್ಕೆ ಹೋಗುವವರಿಗೆ ಬೇರೆಯಾಗಿ ಒಂದೆರಡು ಮಾತು. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು, ಎರಡೂ ಅಲೆಗೆ ಏಳುತ್ತ ಬೀಳುತ್ತ ಇರುತ್ತವೆ. ಮಂಡಿನೋವಿನವರು, ವೀಲ್‌ಚೇರಿನವರು ಇದನ್ನು ಮೊದಲೇ ತಿಳಿದುಕೊಂಡು, ಇಳಿಯಬೇಕೇ ಹಡಗಿನಲ್ಲೇ ಉಳಿಯಬೇಕೇ ಎಂದು ತೀರ್ಮಾನಿಸಿ. ಸೀರೆ ಬೇಡ, ಚೂಡಿದಾರ್ ಹಾಕಿಕೊಳ್ಳಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಮೆಟ್ಟಿ. ಸಿಬ್ಬಂದಿ ಕೈ ಹಿಡಿದು ‘ಈಗ’ ಎಂದಾಗಲೇ ಹೆಜ್ಜೆ ಇಡಿ. ಹವಳದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳವೂ ಜೀವ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಅದರ ಮೇಲೆ ಕಾಲಿಟ್ಟು ನಿಲ್ಲುವುದೂ ತಪ್ಪೇ. ಅಲ್ಲಿನ ಜನ ಸಂಪ್ರದಾಯಸ್ಥರು, ಈಜುಡುಗೆಯಲ್ಲಿ ಊರೊಳಗೆ ತಿರುಗಾಡಬಾರದು.

ಬಟ್ಟೆಯ ವಿಷಯ ಬಹಳವಿಲ್ಲ. ಒಳಗೆ ಎಸಿ ಜೋರು, ಒಂದು ಶಾಲೋ ಸ್ವೆಟರೋ ಇರಲಿ. ಒಂದು ರಾತ್ರಿಗೆ ಒಳ್ಳೆಯ ಬಟ್ಟೆ ಸಾಕು, ಕಂಚಿಯ ಸೀರೆ ಮನೆಯ ಮದುವೆಗಿರಲಿ. ನೈಟಿ, ಲುಂಗಿಯಲ್ಲಿ ಊಟದ ಹಾಲಿಗೆ ಬರಬೇಡಿ.

ಸಿಬ್ಬಂದಿಯನ್ನು ಹೇಗೆ ಕಾಣುತ್ತೀರಿ ಎನ್ನುವುದು ನನಗೆ ಮುಖ್ಯ. ನಿಮ್ಮ ಹಾಸಿಗೆ ಹಾಸುವ ಹುಡುಗ, ತಟ್ಟೆ ತೆಗೆಯುವ ಹುಡುಗಿ ಮನೆ ಬಿಟ್ಟು ಆರೆಂಟು ತಿಂಗಳ ಗುತ್ತಿಗೆಯ ಮೇಲೆ ಬಂದವರು. ವಾರದ ರಜೆ ಎಂಬುದು ಅವರಿಗಿಲ್ಲ. ವಿದೇಶಿ ಹಡಗುಗಳಲ್ಲೂ ಗೋವಾ, ಕೇರಳ, ಮಂಗಳೂರು ಕಡೆಯ ಮಕ್ಕಳು ಕೆಲಸ ಮಾಡುತ್ತಿರುತ್ತಾರೆ. ಚಿಟಿಕೆ ಹೊಡೆದು ಕರೆಯಬೇಡಿ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿರುತ್ತದೆ, ಹೆಸರು ಹಿಡಿದು ಕರೆಯಿರಿ. ಮಾತು ಬಲ್ಲವನಿಗೆ ಜಗಳವಿಲ್ಲ. ಹಾಗೆಯೇ ಈಜುಕೊಳದ ಕುರ್ಚಿಗೆ ಬೆಳಿಗ್ಗೆಯೇ ಟವೆಲ್ ಹಾಕಿ ಇಡೀ ದಿನ ಹಿಡಿದಿಟ್ಟುಕೊಳ್ಳುವುದು, ಲಿಫ್ಟಿನಲ್ಲಿ ಇಳಿಯುವವರಿಗೆ ದಾರಿ ಬಿಡದೆ ನುಗ್ಗುವುದು, ಮಧ್ಯರಾತ್ರಿ ಕಾರಿಡಾರಿನಲ್ಲಿ ಗುಂಪಾಗಿ ಅಂತ್ಯಾಕ್ಷರಿ ಹಾಡುವುದು, ನಾಟಕದ ಹೊತ್ತಿನಲ್ಲಿ ಫೋನಿನಲ್ಲಿ ಮಾತಾಡುವುದು ಒಳ್ಳೆಯ ಮನೆತನದ ಲಕ್ಷಣವಲ್ಲ. ಗೋಡೆಗಳು ತೆಳ್ಳಗಿರುತ್ತವೆ, ಪಕ್ಕದ ಕೋಣೆಯ ಮಗು ಮಲಗಿರುತ್ತದೆ.

ಎಲ್ಲ ಕಾರ್ಯಕ್ರಮಕ್ಕೂ ಹೋಗಲೇಬೇಕು ಎಂದು ಓಡಾಡಬೇಡಿ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಮದುವೆ ಚಿಂತೆ ಅನ್ನುವ ಹಾಗೆ ಹಿರಿಯರಿಗೆ ಬೇಕಾದದ್ದು ಬೇರೆ, ಹುಡುಗರಿಗೆ ಬೇಕಾದದ್ದು ಬೇರೆ. ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಬರಲಿ, ಉಳಿದ ಹೊತ್ತು ಅವರವರ ಪಾಡಿಗೆ ಬಿಡಿ. ಬೆಳಗಿನ ಐದೂವರೆ-ಆರರ ಹೊತ್ತಿಗೆ ಮೇಲಿನ ಡೆಕ್ ಬಹುತೇಕ ಖಾಲಿ ಇರುತ್ತದೆ. ಕಾಫಿ ಹಿಡಿದು ಅಲ್ಲಿ ಕೂತರೆ ಕೊಟ್ಟ ಹಣದಲ್ಲಿ ಅರ್ಧ ಅಲ್ಲೇ ವಸೂಲಾಯಿತು ಎನ್ನುತ್ತೇನೆ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಅವರು ಕೊಟ್ಟ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು, ಹನ್ನೊಂದರೊಳಗೆ. ಇಡುವ ಮುಂಚೆ ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿದೆಯೇ ಎಂದು ಎರಡು ಸಲ ನೋಡಿ. ಎಲ್ಲವನ್ನೂ ತುಂಬಿ ಕಳಿಸಿ, ಬೆಳಿಗ್ಗೆ ರಾತ್ರಿಯುಡುಗೆಯಲ್ಲೇ ಇಳಿದವರಿದ್ದಾರೆ. ಲಾಕರ್, ಫ್ರಿಜ್, ದಿಂಬಿನ ಕೆಳಗೆ, ಚಾರ್ಜರಿನ ಪ್ಲಗ್ ತಡಕಿ ನೋಡಿ. ಬಿಲ್ಲಿನ ತಕರಾರು ಹಿಂದಿನ ರಾತ್ರಿಯೇ ಮುಗಿಸಿ, ಬೆಳಿಗ್ಗೆ ಆ ಸಾಲು ಉದ್ದ ಇರುತ್ತದೆ. ಇಳಿದು ಹೊರಬರಲು ಹತ್ತು-ಹನ್ನೊಂದಾದರೂ ಆಗಬಹುದು, ಮನೆಗೆ ಹೋಗುವ ವಿಮಾನ ಮಧ್ಯಾಹ್ನದ ಮೇಲಿನದ್ದಿರಲಿ.

ನೆಲಕ್ಕಿಳಿದ ಮೇಲೂ ಒಂದೆರಡು ದಿನ ಕೆಲವರಿಗೆ ಮೈ ತೂಗಿದ ಹಾಗೆ ಅನ್ನಿಸುತ್ತದೆ, ಸ್ನಾನಕ್ಕೆ ನಿಂತಾಗ, ಮಲಗಿ ಕಣ್ಣು ಮುಚ್ಚಿದಾಗ ಹೆಚ್ಚು. ಗಾಬರಿಯಾಗಬೇಡಿ, ಮೈಗೆ ಗಟ್ಟಿ ನೆಲ ಮತ್ತೆ ರೂಢಿಯಾಗಲು ಅಷ್ಟು ಹೊತ್ತು ಬೇಕು. ಅದು ನಿಲ್ಲುವವರೆಗೆ ಕಾರು, ಸ್ಕೂಟರು ಓಡಿಸಬೇಡಿ. ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.